ಬ್ರೀದರ್ ಪೈಪು ಕಿತ್ತು ನೇತುಬಿಟ್ಟರೆ ರಿಪೇರಿ ಆದಂತಲ್ಲ

ಸಂಪಾದಕರೇ,

ಹಳೇ ಪೆಟ್ರೋಲ್ ಕಾರುಗಳ ಬಾನೆಟ್ ಎತ್ತಿದರೆ ಒಂದು ಕಿತಾಪತಿ ಆಗಾಗ ಕಣ್ಣಿಗೆ ಬೀಳುತ್ತದೆ. ಎಂಜಿನ್ ತಲೆಯ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರ್‌ನಿಂದ ಏರ್ ಫಿಲ್ಟರ್‌ಗೆ ಹೋಗಬೇಕಾದ ಬ್ರೀದರ್ ಪೈಪನ್ನು ಕಿತ್ತು ರಸ್ತೆ ಕಡೆಗೆ ಇಳಿಬಿಟ್ಟು, ಫಿಲ್ಟರ್ ಕಡೆಯ ತೂತಿಗೆ ಒಂದು ಬೋಲ್ಟ್ ತುರುಕಿರುತ್ತಾರೆ. ಮೆಕ್ಯಾನಿಕ್ಕನ್ನು ಕೇಳಿದರೆ, "ಫಿಲ್ಟರ್‌ಗೆ ಆಯಿಲ್ ಬರ್ತಿತ್ತು ಸಾರ್, ಈಗ ಬರಲ್ಲ" ಅಂತಾರೆ. ಬರಲ್ಲ ನಿಜ, ರಸ್ತೆಗೆ ತೊಟ್ಟಿಕ್ಕುತ್ತೆ ಅಷ್ಟೇ.

ಎಷ್ಟೇ ಹೊಸ ಎಂಜಿನ್ ಆದರೂ ಉರಿದ, ಉರಿಯದ ಗ್ಯಾಸು ಸ್ವಲ್ಪ ಪಿಸ್ಟನ್ ಸುತ್ತಲಿನ ರಿಂಗ್ ದಾಟಿ ಕೆಳಗೆ ಆಯಿಲ್ ಇರುವ ಕಡೆ ಇಳಿಯುತ್ತದೆ. ಅದನ್ನು ಪಿಸಿವಿ ವಾಲ್ವ್ ಎಂಬ ಪುಟ್ಟ ಕವಾಟದ ಮೂಲಕ ಎಂಜಿನ್ನೇ ಎಳೆದುಕೊಂಡು ಮತ್ತೆ ಸುಡುತ್ತದೆ, ಅದರ ಜಾಗಕ್ಕೆ ಫಿಲ್ಟರ್ ದಾಟಿದ ಗಾಳಿ ಬ್ರೀದರ್ ಪೈಪಿನಿಂದ ಬರುತ್ತದೆ. ಇದೇನು ಹೊಸದಲ್ಲ, ಹೊಗೆಯ ಕಾಟ ತಾಳಲಾರದೆ ಕ್ಯಾಲಿಫೋರ್ನಿಯಾದವರು 1961ರ ಕಾರುಗಳಿಗೇ ಇದನ್ನು ತಂದಿದ್ದರು. ಈ ವಾಲ್ವ್ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಆಯಿಲ್ ಬ್ರೀದರ್ ಪೈಪಿನಿಂದ ಫಿಲ್ಟರ್ ಕಡೆಗೆ ಬರುತ್ತದೆ, ಗ್ಯಾಸ್ಕೆಟ್‌, ಆಯಿಲ್ ಸೀಲ್‌ ಎಲ್ಲಿ ಸಡಿಲ ಇದೆಯೋ ಅಲ್ಲಿಂದ ಆಯಿಲ್ ಜಿನುಗುತ್ತದೆ. ಆಗ ಗ್ಯಾರೇಜಿನಲ್ಲಿ ಸಿಗುವ ಉತ್ತರ ಗೊತ್ತೇ ಇದೆಯಲ್ಲ, "ರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು."

ನಮ್ಮ ಕಾರಿಗೂ ಇದೇ ತೀರ್ಪಾಗಿತ್ತು. ವಾಲ್ವ್ ಕಿತ್ತು ಕಿವಿ ಹತ್ತಿರ ಅಲ್ಲಾಡಿಸಿದೆ. ಟಿಕ್ ಟಿಕ್ ಅನ್ನಬೇಕಾದದ್ದು ಮೂಕವಾಗಿತ್ತು, ಒಳಗೆಲ್ಲ ಡಾಂಬರಿನಂಥ ಜಿಡ್ಡು. ಹೊಸ ವಾಲ್ವ್, ಹೊಸ ಗ್ಯಾಸ್ಕೆಟ್ ಹಾಕಿದ ಮೇಲೆ ಸೋರಿಕೆ ನಿಂತಿತು, ಎಂಜಿನ್ ಇಳಿಸಲೇ ಇಲ್ಲ.

ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಕ್ಯಾಪ್ ತೆಗೆದು ತೆಳ್ಳಗಿನ ಕಾಗದ ಇಟ್ಟು ನೋಡಿ. ಮೆಲ್ಲಗೆ ಅಂಟಿಕೊಂಡರೆ ಸರಿ. ಹಾರಿಹೋದರೆ ಮೊದಲು ವಾಲ್ವ್ ಮತ್ತು ಪೈಪು ನೋಡಿ, ರಿಂಗ್ ವಿಚಾರ ಆಮೇಲೆ. ಕೆಲವು ಕಾರಿನಲ್ಲಿ ವಾಲ್ವ್ ಇರುವುದಿಲ್ಲ, ಸಣ್ಣ ತೂತು ಮಾತ್ರ, ಅದನ್ನು ಕಾರ್ಬುರೇಟರ್ ಕ್ಲೀನರ್ ಹಾಕಿ ತೊಳೆದರಾಯಿತು. ಪೈಪಿನ ಬಿರುಕು ಕ್ಲಾಂಪ್ ಪಕ್ಕದಲ್ಲೋ ಬಾಗಿನ ಅಡಿಯಲ್ಲೋ ಅಡಗಿರುತ್ತದೆ, ಬೆರಳಾಡಿಸಿಯೇ ಹುಡುಕಬೇಕು. ಅದರ ಬದಲಿಗೆ ನೀರಿನ ಪೈಪು ಹಾಕಿಸಬೇಡಿ, ಆಯಿಲ್ ತಾಗಿ ಮೆತ್ತಗಾಗಿ ಒಳಕ್ಕೆ ಕುಸಿಯುತ್ತದೆ. ಕ್ಯಾಪ್ ಒಳಗೆ ಬಿಳಿ ಕೆನೆ ಕಂಡ ತಕ್ಷಣ ಗಾಬರಿ ಬೇಡ. ಎಂಜಿನ್ ತಂಪಾಗಿಡುವ ಕೂಲಂಟ್ ಕಡಿಮೆಯಾಗುತ್ತಿಲ್ಲ ಅಂದರೆ ಹೆಚ್ಚಾಗಿ ಅದು ಮಳೆಗಾಲದಲ್ಲಿ ಬರೀ ಮಾರ್ಕೆಟ್‌ಗೆ ಹೋಗಿ ಬರುವ ಕಾರಿನ ತೇವ.

ಪೈಪು ನೇತುಬಿಡುವುದರಲ್ಲಿ ಇನ್ನೊಂದು ಅಪಾಯವೂ ಇದೆ. ವಾಲ್ವ್ ಇನ್ನೂ ಎಳೆಯುತ್ತಿದ್ದರೆ ಆ ಪೈಪಿನಿಂದಲೇ ರಸ್ತೆಯ ಧೂಳು ಫಿಲ್ಟರ್ ಇಲ್ಲದೆ ನೇರ ಎಂಜಿನ್‌ಗೆ ಹೋಗುತ್ತದೆ. ಆಗ ರಿಂಗ್ ನಿಜವಾಗಿಯೂ ಸವೆಯುತ್ತದೆ!

ಎಮಿಷನ್ ಟೆಸ್ಟ್‌ನಲ್ಲಿ ಇದ್ಯಾವುದೂ ಸಿಕ್ಕಿಬೀಳಲ್ಲ. ಅವರು ಕೊಳವೆ ಇಡುವುದು ಸೈಲೆನ್ಸರ್‌ಗೆ ಮಾತ್ರ, ಬಾನೆಟ್ ಕೆಳಗಿನ ಹೊಗೆ ಆ ಲೆಕ್ಕಕ್ಕೇ ಬರುವುದಿಲ್ಲ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ ಹೇಗೂ ತಪಾಸಣೆ ಆಗಬೇಕು. ಆಗ ಬಾನೆಟ್ ಎತ್ತಿ ಬ್ರೀದರ್ ಪೈಪು ಅದರ ಜಾಗದಲ್ಲಿದೆಯಾ ಅಂತ ನೋಡಲು ಒಂದು ನಿಮಿಷ ಸಾಕು. ಸಾರಿಗೆ ಇಲಾಖೆಯವರು ಅಷ್ಟನ್ನಾದರೂ ಕಡ್ಡಾಯ ಮಾಡಲಿ.

– ಓದುಗ, ಶಿವಮೊಗ್ಗ