ಸೈಕಲ್ ಮೇಲಿದ್ದಾಗ ನನ್ನ ಫೋನ್ ಎತ್ತಬೇಡ

ಪ್ರೀತಿಯ ಪುಟ್ಟಾ,

ಮೊನ್ನೆ ನಿನ್ನ ಜೊತೆ ಮಾತಾಡುವಾಗ ನಡುವೆ ಜೋರಾಗಿ ಹಾರ್ನ್ ಕೇಳಿಸಿತು. ಏನೆಂದು ಕೇಳಿದ್ದಕ್ಕೆ, "ಸೈಕಲ್ ಮೇಲಿದ್ದೀನಿ ಅತ್ತೆ, ದಿನಾ ಹೀಗೇ ಮಾತಾಡ್ತೀನಿ, ಏನೂ ಆಗಲ್ಲ" ಅಂದೆ. ಫೋನ್ ಇಟ್ಟ ಮೇಲೂ ಆ ಹಾರ್ನ್ ನನ್ನ ಕಿವಿಯಿಂದ ಹೋಗಲಿಲ್ಲ.

ಇಷ್ಟು ದಿನ ಏನೂ ಆಗಿಲ್ಲ, ನಿಜ. ಆದರೆ ನಿನ್ನ ಧೈರ್ಯವೆಲ್ಲ ನೀನು ಕಂಡದ್ದರ ಮೇಲೆ ನಿಂತಿದೆ. ಕಾಣದೇ ಹೋದದ್ದರ ಲೆಕ್ಕ ನಿನ್ನ ಹತ್ತಿರ ಇಲ್ಲ, ಅಲ್ವಾ? ಎಷ್ಟು ಸಲ ಎದುರಿನವರೇ ಬ್ರೇಕ್ ಒತ್ತಿ ನಿನ್ನನ್ನು ಉಳಿಸಿದ್ದಾರೋ!

ನನಗೂ ಹೀಗೆ ಆಗಿದೆ. ಫೋನಿನಲ್ಲಿ ಮಾತಾಡುತ್ತಾ ರಸ್ತೆಗೆ ಇಳಿದೆ. ಎರಡೂ ಕಡೆ ತಲೆ ತಿರುಗಿಸಿದ್ದು ಈಗಲೂ ನೆನಪಿದೆ. ಆದರೂ ಸೈಕಲ್ ಮೇಲೆ ಬರುತ್ತಿದ್ದ ಹುಡುಗ ನನಗೆ ಕಾಣಲೇ ಇಲ್ಲ. ನನ್ನನ್ನು ತಪ್ಪಿಸಲು ಹೋಗಿ ಬಿದ್ದ. ಅವನ ಮೊಣಕೈಯಿಂದ ರಕ್ತ ಸುರಿಯುವುದನ್ನು ಕಂಡಾಗ ಕರುಳು ಚುರ್ ಎಂದಿತು.

ತಿರುಗಿ ನೋಡಿಯೂ ಕಾಣದಿರುವುದು ಹೇಗೆ ಎಂದು ಆಮೇಲೆ ಓದಿದೆ. ಅಮೆರಿಕದ ವೆಸ್ಟರ್ನ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಐರಾ ಹೈಮನ್ ಮತ್ತು ಜೊತೆಗಾರರು ಒಂದು ಪರೀಕ್ಷೆ ಮಾಡಿದ್ದರು. ಜನ ಓಡಾಡುವ ದಾರಿಯ ಪಕ್ಕದಲ್ಲೇ ಜೋಕರ್ ವೇಷದವನೊಬ್ಬ ಒಂಟಿ ಚಕ್ರದ ಸೈಕಲ್ ತುಳಿಯುತ್ತಿದ್ದ. ಫೋನಿನಲ್ಲಿ ಮಾತಾಡುತ್ತಾ ಹೋದವರಲ್ಲಿ ಅವನನ್ನು ಗಮನಿಸಿದವರು ನಾಲ್ವರಲ್ಲಿ ಒಬ್ಬರು! ಇಬ್ಬರು ಜೊತೆಯಾಗಿ ನಡೆಯುತ್ತಿದ್ದವರಲ್ಲಿ ಹೆಚ್ಚಿನವರು ಗಮನಿಸಿದ್ದರು. ಪಕ್ಕದಲ್ಲಿರುವವನಿಗೂ ರಸ್ತೆ ಕಾಣುತ್ತದೆ, ಅಪಾಯ ಕಂಡರೆ ಮಾತು ನಿಲ್ಲಿಸುತ್ತಾನೆ. ಫೋನಿನ ಆ ತುದಿಯಲ್ಲಿರುವ ನನಗೆ ನಿನ್ನ ರಸ್ತೆ ಕಾಣುವುದಿಲ್ಲ ಮಗು.

ಇಯರ್‌ಫೋನ್ ಇದೆಯಲ್ಲ ಅನ್ನಬೇಡ. ಅದರಿಂದ ಕೈ ಖಾಲಿಯಾಗುತ್ತದೆ, ಮನಸ್ಸು ಆಗುವುದಿಲ್ಲ. ಜೊತೆಗೆ, ಹಿಂದಿನಿಂದ ಬರುವ ಗಾಡಿಯನ್ನು ಸೈಕಲ್ ತುಳಿಯುವವನಿಗೆ ಮೊದಲು ತಿಳಿಸುವುದೇ ಕಿವಿ. ನೆದರ್‌ಲ್ಯಾಂಡ್ಸ್‌ನಲ್ಲಿ 2019ರ ಜುಲೈ 1ರಿಂದ ಸೈಕಲ್ ಓಡಿಸುವಾಗ ಫೋನ್ ಕೈಯಲ್ಲಿ ಹಿಡಿಯುವಂತಿಲ್ಲ. ಒಳ್ಳೆಯ ಕಾನೂನು. ಆದರೆ ಅದು ಕೈಯನ್ನಷ್ಟೇ ತಡೆಯುತ್ತದೆ.

ಮೆಸೇಜ್ ಓದುವುದು ಇನ್ನೂ ಕೆಟ್ಟದ್ದು. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡ್ ಕಣ್ಣು ಕೆಳಗಿಟ್ಟರೆ 12 ಮೀಟರ್‌ಗಿಂತ ಜಾಸ್ತಿ ದೂರ ನೋಡದೇ ಹೋಗಿರುತ್ತೀಯ.

ಫೋನನ್ನು ಜೇಬಿನಲ್ಲಿ ಬೇಡ, ಬ್ಯಾಗಿನಲ್ಲಿಡು. ಜೇಬಿನಲ್ಲಿದ್ದರೆ ಕೈ ಸುಮ್ನೆ ಅದರ ಕಡೆಗೇ ಹೋಗುತ್ತದೆ. ತುರ್ತಾದರೆ ಬದಿಗೆ ನಿಲ್ಲಿಸಿ, ಇಳಿದು ಮಾತಾಡು. ನಾನು ಫೋನ್ ಮಾಡಿದಾಗ ನೀನು ಎತ್ತದಿದ್ದರೆ ರಸ್ತೆಯಲ್ಲಿದ್ದೀಯ ಎಂದುಕೊಳ್ಳುತ್ತೇನೆ, ಮತ್ತೆ ಮತ್ತೆ ಮಾಡುವುದಿಲ್ಲ. ತಲುಪಿದ ಮೇಲೆ ನೀನೇ ಮಾಡು, ಕಾಯುತ್ತಿರುತ್ತೇನೆ.

ನಿನ್ನ ಅತ್ತೆ