ಕುಣಿತಕ್ಕೂ ನಾಲ್ಕು ಸಾಲು ಇರಲಿ

ಮಾನ್ಯರೇ,

ನಿಮ್ಮ ಪತ್ರಿಕೆಯಲ್ಲಿ ಬಂದ, ದುಬೈನ ನಮ್ಮ ಚರ್ಚ್‌ನ ವಾರ್ಷಿಕೋತ್ಸವದ ವರದಿಯಲ್ಲಿ ಅತಿಥಿಗಳ ಹೆಸರೆಲ್ಲ ಬಂದಿದೆ. ಆದರೆ ಅಂದು ಎಲ್ಲರ ಮನಗೆದ್ದ ಫಿಲಿಪ್ಪೀನ್ಸ್ ಜಾನಪದ ಕುಣಿತಕ್ಕೆ ‘ಸಾಂಸ್ಕೃತಿಕ ಕಾರ್ಯಕ್ರಮ ನಡೆಯಿತು’ ಎಂಬ ಒಂದೇ ಸಾಲು ಸಿಕ್ಕಿದೆ. ಓದಿ ಬೇಸರವಾಯಿತು.

ಅಲ್ಲಿ ಕುಣಿದದ್ದು ಟಿನಿಕ್ಲಿಂಗ್, ಲೇಟೆ ದ್ವೀಪದ ಕಡೆಯದು. ಇಬ್ಬರು ನೆಲದಲ್ಲಿ ಕುಳಿತು ಎರಡು ಉದ್ದದ ಬಿದಿರ ಗಳಗಳನ್ನು ತಾಳಕ್ಕೆ ಸರಿಯಾಗಿ ನೆಲಕ್ಕೆ ಬಡಿದು, ಮರುಕ್ಷಣ ಒಂದಕ್ಕೊಂದು ಬಡಿಯುತ್ತಾರೆ. ಕುಣಿಯುವವರು ಬರಿಗಾಲಲ್ಲಿ ಆ ಸಂದಿಗೆ ಹೆಜ್ಜೆ ಇಟ್ಟು, ಗಳ ಕೂಡುವಷ್ಟರಲ್ಲಿ ಹೊರಗೆ ಜಿಗಿದಿರಬೇಕು. ತಾಳ ತಪ್ಪಿದರೆ ಪಾದದ ಗಂಟಿಗೇ ಏಟು! ಬಿದಿರಿನ ಬಲೆ ತಪ್ಪಿಸಿಕೊಂಡು ಓಡುವ ಟಿಕ್ಲಿಂಗ್ ಹಕ್ಕಿಯ ನಡಿಗೆಯನ್ನು ಹೀಗೆ ಕಾಲಲ್ಲೇ ತೋರಿಸುತ್ತಾರೆ.

ವಾರವಿಡೀ ಆಸ್ಪತ್ರೆ, ಅಂಗಡಿ, ಮನೆಗೆಲಸ ಅಂತ ಇಲ್ಲಿ ದುಡಿಯುವ ಫಿಲಿಪ್ಪೀನ್ಸ್‌ನವರು ರಜೆಯ ದಿನ ಅಭ್ಯಾಸ ಮಾಡಿ ಕುಣಿದದ್ದು ಇದು. ಮಂಗಳೂರು, ಉಡುಪಿ ಕಡೆಯ ನಾವು ಅದೇ ಚರ್ಚ್‌ನಲ್ಲಿ ಅವರ ಪಕ್ಕದಲ್ಲೇ ಕೂರುತ್ತೇವೆ. ಆದರೂ ಅವರ ಬಗ್ಗೆ ನಮಗೆ ಗೊತ್ತಿರುವುದು ತುಂಬಾ ಕಡಿಮೆ, ಅಲ್ವಾ? ಗುಮಟೆ ವಾದ್ಯ ಬಾರಿಸಿ ಹಾಡುವ ನಮ್ಮ ಹಾಡುಗಳನ್ನು ಯಾರಾದರೂ ಹೀಗೆ ಒಂದೇ ಸಾಲಲ್ಲಿ ಮುಗಿಸಿದ್ದರೆ ನಮಗೂ ನೋವಾಗುತ್ತಿತ್ತು.

ಮುಂದೆ ಇಂಥ ವರದಿ ಹಾಕುವಾಗ ಕುಣಿತದ ಹೆಸರು, ಅದರ ಊರು, ಒಂದು ಚಿತ್ರವನ್ನಾದರೂ ದಯವಿಟ್ಟು ಪ್ರಕಟಿಸಿ. ಚರ್ಚ್ ಸಮಿತಿಗಳೂ ಕುಣಿತಕ್ಕೆ ಮೊದಲು ಎರಡು ನಿಮಿಷ ಪರಿಚಯ ಹೇಳಿಸಿ, ಅದನ್ನೇ ಬರೆದು ಪತ್ರಿಕೆಗೂ ಕಳುಹಿಸಲಿ.

– ಓದುಗರೊಬ್ಬರು, ದುಬೈ