ಕನ್‌ಸ್ಟ್ರಕ್ಟರ್ ತಾನಾಗೇ ಹುಟ್ಟಲಿ, ಆದ್ರೆ ಎಲ್ಲಾ ಕ್ಲಾಸಿಗೂ ಬೇಡ ಕಣವ್ವ

ಚಿ|| ಸಹನಾಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಆರಾಮ ಇದೀವಿ. ನಿನ್ನ ವಾಯ್ಸ್ ಮೆಸೇಜ್ ಪೂರ್ತಿ ಕೇಳಿದೆ, ಮಧ್ಯದಲ್ಲಿ ಬಸ್ ಹಾರನ್ನು ಬೇರೆ, ಆದ್ರೂ ಸಿಟ್ಟು ಎಷ್ಟು ಬಂದೈತೆ ಅನ್ನೋದು ಚೆನ್ನಾಗೇ ತಿಳೀತು. ನೀನು ಜಾವಾದಲ್ಲಿ ಕನ್‌ಸ್ಟ್ರಕ್ಟರ್ ಥರದ ಕೋಡನ್ನ ತಾನೇ ಹುಟ್ಟಿಸೋ ಲೊಂಬೋಕ್ ಅನ್ನೋ ಟೂಲ್ ಹಾಕಿ ಅಷ್ಟು ಲೈನ್ ಕೋಡ್ ಕಡಿಮೆ ಮಾಡಿ ಕಳಿಸಿದೆ, ನಿಮ್ಮ ಲೀಡ್ ರಿವ್ಯೂನಲ್ಲಿ ಬೇಡ ತೆಗಿ ಅಂತ ಎರಡೇ ಪದ ಬರೆದು ಸುಮ್ಮನಾದ್ರು, ಅಷ್ಟೇ ತಾನೆ. ಫೋನಲ್ಲಿ ಹೇಳಿದ್ರೆ ಹೂಂ ಹೂಂ ಅಂತೀಯ ಹೊರತು ತಲೆಗೆ ಹಾಕ್ಕೊಳ್ಳಲ್ಲ, ಅದಕ್ಕೇ ಕೂತು ಬರೀತಿದೀನಿ. ಇನ್ನೊಂದು, ಆಫೀಸ್ ಕೋಡಿನ ಸ್ಕ್ರೀನ್‌ಶಾಟ್ ಇನ್ಮೇಲೆ ವಾಟ್ಸಾಪಲ್ಲಿ ಕಳಿಸಬೇಡ, ನನಗೂ ಬೇಡ. ಬಂದಿದ್ದನ್ನ ಡಿಲೀಟ್ ಮಾಡಿದೀನಿ.

ಮೊದಲು ನಿನ್ನ ಪರವಾಗೇ ಮಾತಾಡ್ತೀನಿ. ಕ್ಲಾಸಲ್ಲಿ, ಅಂದ್ರೆ ಒಂದು ವಸ್ತುವಿನ ಅಚ್ಚಲ್ಲಿ, ಐದು ಫೀಲ್ಡ್, ಅಂದ್ರೆ ಐದು ವಿವರ ಇದ್ರೆ ಮೇಲೆ ಒಂದು ಸಲ ಹೆಸರು ಬರೀಬೇಕು, ಅವನ್ನ ತುಂಬಿ ಆಬ್ಜೆಕ್ಟ್ ಹುಟ್ಟಿಸೋ ಕನ್‌ಸ್ಟ್ರಕ್ಟರ್ ಬ್ರಾಕೆಟ್ಟಲ್ಲಿ ಇನ್ನೊಂದು ಸಲ, ಒಳಗೆ ದಿಸ್ ಡಾಟ್ ತೂಕ ಈಕ್ವಲ್ಸ್ ತೂಕ ಅಂತ ಮತ್ತೆರಡು ಸಲ, ಅಂದ್ರೆ ಒಂದೊಂದು ಹೆಸರನ್ನ ನಾಲ್ಕು ನಾಲ್ಕು ಸಲ ಬರೆಯೋದು. ಇದರಲ್ಲಿ ಬುದ್ಧಿ ಓಡಿಸೋ ಕೆಲಸ ಒಂದು ಚೂರೂ ಇಲ್ಲ. ಕೋಡ್ ಬರೆಯೋ ಇಂಟೆಲಿಜೆನಲ್ಲಿ ಆಲ್ಟ್ ಇನ್ಸರ್ಟ್ ಒತ್ತಿದ್ರೆ ಬರ್ತೈತೆ, ಎಕ್ಲಿಪ್ಸಲ್ಲಿ ಸೋರ್ಸ್ ಮೆನುನಲ್ಲಿ ಬರ್ತೈತೆ, ಈಗಂತೂ ಎಐ ಟೂಲ್ ನೀನು ಕೇಳೋಕೆ ಮುಂಚೆನೇ ಬರೆದು ಇಡ್ತೈತೆ. ಆದ್ರೆ ಹಂಗೆ ಬರೆಸಿ ಇಟ್ಟಿದ್ದು ಅಲ್ಲೇ ನಿಂತುಬಿಡ್ತೈತೆ ನೋಡು. ನಾಳೆ ಆರನೇ ಫೀಲ್ಡ್ ಸೇರಿಸಿದ್ರೆ ಹಳೇ ಕನ್‌ಸ್ಟ್ರಕ್ಟರಿಗೆ ಅದರ ಸುದ್ದಿನೇ ಗೊತ್ತಿರಲ್ಲ. ಫೀಲ್ಡು ಫೈನಲ್, ಅಂದ್ರೆ ಒಂದೇ ಸಲ ಬೆಲೆ ತಗೊಳ್ಳೋದು ಆಗಿದ್ರೆ ಕಂಪೈಲರ್ ಬೈದು ಹೇಳ್ತೈತೆ, ಇಲ್ಲಾಂದ್ರೆ ಅದು ನಲ್ಲೋ, ಅಂದ್ರೆ ಖಾಲಿನೋ, ಸೊನ್ನೆನೋ ಆಗಿ ಸುಮ್ಮನೆ ಕೂತಿರ್ತೈತೆ. ಲೊಂಬೋಕ್ ಥರದ್ದು ಕಂಪೈಲ್ ಆಗೋವಾಗೆಲ್ಲ ಫೀಲ್ಡ್ ನೋಡಿ ಹೊಸದಾಗಿ ಹುಟ್ಟಿಸ್ತೈತೆ, ಅದಕ್ಕೆ ಈ ತೊಂದರೆ ಇಲ್ಲ. ಇದು ಸೋಮಾರಿಗಳ ಚಟ ಅಂತ ಯಾರಾದ್ರೂ ಅಂದ್ರೆ ತಲೆ ಕೆಡಿಸ್ಕೋಬೇಡ. ಲೊಂಬೋಕ್ 2009ರಿಂದ ಐತೆ, ಪೈಥಾನ್ 3.7ರಲ್ಲಿ, ಅಂದ್ರೆ 2018ರಲ್ಲಿ ಇದೇ ಕೆಲಸ ಮಾಡೋ ಡೇಟಾಕ್ಲಾಸ್ ಬಂತು, 2020ರಲ್ಲಿ ಪಿಎಚ್‌ಪಿ 8ರಲ್ಲಿ ಕನ್‌ಸ್ಟ್ರಕ್ಟರ್ ಬ್ರಾಕೆಟ್ಟಲ್ಲೇ ಫೀಲ್ಡ್ ಬರೆಯೋ ಸೌಕರ್ಯ ಬಂತು, ಜಾವಾದವರೇ 2021ರಲ್ಲಿ ಜಾವಾ 16ರ ಜೊತೆ ರೆಕಾರ್ಡ್ ಅಂತ ಭಾಷೆ ಒಳಗೇ ತಂದ್ರು, 2023ರಲ್ಲಿ ಸಿ ಶಾರ್ಪ್ 12ರಲ್ಲಿ ಕ್ಲಾಸ್ ಹೆಸರಿನ ಪಕ್ಕನೇ ಪ್ಯಾರಾಮೀಟರ್ ಬರೆಯೋ ಹಂಗಾಯ್ತು. ಇಷ್ಟು ಭಾಷೆಯವರು ಒಂದೇ ಕಡೆ ಹೊರಟಿದ್ದಾರೆ ಅಂದ್ರೆ ಕಷ್ಟ ನಿಜವಾಗ್ಲೂ ಇತ್ತು ಅಂತ.

ಹಂಗಿದ್ರೆ ಲೀಡ್ ಯಾಕೆ ಬೇಡ ಅಂದ್ರು? ನನ್ನ ಲೆಕ್ಕದಲ್ಲಿ ಅವರು ಅಂದಿದ್ದು ಅರ್ಧ ಸರಿ, ಆದ್ರೆ ಕಾರಣ ಬಿಡಿಸಿ ಹೇಳಬೇಕಿತ್ತು. ನಿಮ್ಮ ಆಫೀಸಿನ ಕ್ಲಾಸ್ ಬೇಡ, ನಮ್ಮೂರದ್ದೇ ಒಂದು ತಗೊಳ್ಳೋಣ. ನಿಮ್ಮಪ್ಪ ಮೆಕ್ಕೆಜೋಳ ತಗೊಂಡು ಎಪಿಎಂಸಿಗೆ ಬರೋವಾಗ ನೀನೂ ಟ್ರ್ಯಾಕ್ಟರ್ ಹತ್ತಿ ಬರ್ತಿದ್ದಲ್ಲ, ಆ ಯಾರ್ಡಿಗೆ ಒಂದು ಸಾಫ್ಟ್‌ವೇರ್ ಮಾಡ್ತಿದೀಯ ಅಂದ್ಕೋ. ಲಾಟ್ ಅಂತ ಒಂದು ಕ್ಲಾಸ್. ರೈತ, ಖರೀದಿದಾರ, ಇವೆರಡು ಸ್ಟ್ರಿಂಗು, ಅಂದ್ರೆ ಅಕ್ಷರ. ತೂಕ, ತೇವಾಂಶ, ದರ, ಈ ಮೂರು ಡಬಲ್ಲು, ಅಂದ್ರೆ ದಶಾಂಶ ಸಂಖ್ಯೆ. ಮೇಲೆ ಆಲ್‌ಆರ್ಗ್ಸ್‌ಕನ್‌ಸ್ಟ್ರಕ್ಟರ್ ಅನ್ನೋ ಲೊಂಬೋಕಿನ ಆ್ಯನೊಟೇಶನ್, ಅಂದ್ರೆ ಗುರುತು ಚೀಟಿ ಹಾಕಿದೆ, ಐದು ಪ್ಯಾರಾಮೀಟರಿನ ಕನ್‌ಸ್ಟ್ರಕ್ಟರ್ ತಯಾರ್. ಪ್ಯಾರಾಮೀಟರ್ ಯಾವ ಆರ್ಡರಲ್ಲಿ ಬರ್ತೈತೆ ಅಂದ್ರೆ ಫೀಲ್ಡುಗಳನ್ನ ನೀನು ಯಾವ ಆರ್ಡರಲ್ಲಿ ಬರೆದಿದೀಯೋ ಅದೇ ಆರ್ಡರಲ್ಲಿ. ಇದನ್ನ ಚೆನ್ನಾಗಿ ನೆನಪಿಟ್ಕೋ.

ಈಗ ಆರು ತಿಂಗಳಾದ ಮೇಲೆ ಟೀಮಿಗೆ ಒಬ್ಬ ಹೊಸ ಹುಡುಗ ಬರ್ತಾನೆ, ಫೈಲ್ ನೀಟಾಗಿ ಕಾಣಲಿ ಅಂತ ತೇವಾಂಶದ ಲೈನನ್ನ ತೂಕದ ಲೈನಿನ ಮೇಲಕ್ಕೆ ಎತ್ತಿ ಹಾಕ್ತಾನೆ. ಕೈಯಲ್ಲಿ ಬರೆದ ಕನ್‌ಸ್ಟ್ರಕ್ಟರ್ ಆಗಿದ್ರೆ ಇದರಿಂದ ಏನೂ ಆಗ್ತಿರಲಿಲ್ಲ, ಲೈನ್ ಅಷ್ಟೇ ಜಾಗ ಬದಲಾಗಿರೋದು. ಇಲ್ಲಿ ಹಂಗಲ್ಲ, ಕನ್‌ಸ್ಟ್ರಕ್ಟರಿನ ಸಿಗ್ನೇಚರೇ, ಅಂದ್ರೆ ಪ್ಯಾರಾಮೀಟರ್ ಪಟ್ಟಿಯೇ ಬದಲಾಯ್ತು. ಕರೆಯೋ ಕಡೆ ಎಲ್ಲಾ ಹಳೇ ಆರ್ಡರೇ ಐತೆ, ಮೊದಲು 42.5 ಕ್ವಿಂಟಾಲ್, ಆಮೇಲೆ 14 ಪರ್ಸೆಂಟ್ ತೇವಾಂಶ. ಎರಡೂ ಡಬಲ್ಲೇ ಆಗಿರೋದ್ರಿಂದ ಕಂಪೈಲರ್ ಬಾಯೇ ಬಿಡಲ್ಲ. ರಾತ್ರಿ ಬಿಲ್ಡ್ ಹಸಿರು, ಬೆಳಗ್ಗೆ ಪಟ್ಟಿಯಲ್ಲಿ ತೂಕ 14 ಕ್ವಿಂಟಾಲು, ತೇವಾಂಶ 42.5. ರೈತನಿಗೆ ಇಪ್ಪತ್ತೆಂಟೂವರೆ ಕ್ವಿಂಟಾಲಿನ ದುಡ್ಡು ಹೋಯ್ತು. ದಲ್ಲಾಳಿ ಅಂಗಡಿ ಮುಂದೆ ಜಗಳ ಶುರುವಾದ ಮೇಲೆ ನಾಲ್ಕು ಜನ ಕೂತು ಡೇಟಾಬೇಸು, ನೆಟ್‌ವರ್ಕು, ತೂಕದ ಮಿಷಿನ್ನು ಎಲ್ಲಾ ಜಾಲಾಡ್ತಾರೆ, ಆ ಹುಡುಗನ ಕಮಿಟ್ ಕಡೆ ಯಾರೂ ನೋಡಲ್ಲ, ಯಾಕಂದ್ರೆ ಅದರ ಮೆಸೇಜಲ್ಲಿ ಬರೀ ಕ್ಲೀನಪ್ ಅಂತ ಇರ್ತೈತೆ. ರೈತ, ಖರೀದಿದಾರ ಅದಲುಬದಲಾದ್ರೂ ಇದೇ ಕಥೆ, ಕೊಂಡವನು ಮಾರಿದಂಗೆ, ಮಾರಿದವನು ಕೊಂಡಂಗೆ.

ಅದಕ್ಕೆ ಒಂದೇ ಟೈಪಿನ ಎರಡು ಮೂರು ಫೀಲ್ಡ್ ಅಕ್ಕಪಕ್ಕ ಇರೋ ಕಡೆ ಆಲ್‌ಆರ್ಗ್ಸ್ ಹಾಕೋಕೆ ನಾನು ಒಪ್ಪಲ್ಲ. ಕೋಟ್ಲಿನ್ ಆಗಿದ್ರೆ ಕರೆಯೋವಾಗ ಪ್ಯಾರಾಮೀಟರ್ ಹೆಸರು ಹಾಕಬಹುದು, ಪೈಥಾನ್ ಡೇಟಾಕ್ಲಾಸಿಗೆ 3.10ರಿಂದ ಕೆಡಬ್ಲ್ಯು ಓನ್ಲಿ ಟ್ರೂ ಅಂತ ಕೊಟ್ಟುಬಿಟ್ರೆ ಹೆಸರು ಹಾಕದೆ ಕರೆಯೋಕೇ ಆಗಲ್ಲ. ಜಾವಾದಲ್ಲಿ ಆ ಸೌಕರ್ಯ ಇಲ್ಲ. ಒಂದೊಂದು ಫೀಲ್ಡನ್ನ ಹೆಸರು ಹಿಡಿದು ತುಂಬೋ ಬಿಲ್ಡರ್ ಐತಲ್ಲ ಅತ್ತೆ ಅಂತೀಯ, ಗೊತ್ತು. ಬಿಲ್ಡರಲ್ಲಿ ಆರ್ಡರ್ ತಪ್ಪಲ್ಲ, ಆದ್ರೆ ಒಂದು ಫೀಲ್ಡ್ ತುಂಬೋದು ಮರೆತ್ರೆ ಕೇಳೋರಿಲ್ಲ, ದರ ಹಾಕದೇ ಬಿಲ್ಡ್ ಅಂದ್ರೂ ಕಂಪೈಲ್ ಆಗ್ತೈತೆ, ದರ ಸೊನ್ನೆ. ಇನ್ನೊಂದು ಕಿರಿಕಿರಿ ಏನಂದ್ರೆ ಫೀಲ್ಡ್ ಪಕ್ಕದಲ್ಲಿ ಸ್ಥಿತಿ ಈಕ್ವಲ್ಸ್ ಹೊಸದು ಅಂತ ನೀನು ಮೊದಲೇ ಬೆಲೆ ಕೊಟ್ಟಿದ್ರೂ ಬಿಲ್ಡರ್ ಅದನ್ನ ಲೆಕ್ಕಕ್ಕೇ ತಗೊಳ್ಳಲ್ಲ, ಬಿಲ್ಡರ್ ಡಾಟ್ ಡೀಫಾಲ್ಟ್ ಅಂತ ಇನ್ನೊಂದು ಆ್ಯನೊಟೇಶನ್ ಹಾಕಿದ್ರೆ ಮಾತ್ರ ಕೇಳ್ತೈತೆ. ವಾರ್ನಿಂಗ್ ಕೊಡ್ತೈತೆ ನಿಜ, ಆದ್ರೆ ನಿಮ್ಮ ಪ್ರಾಜೆಕ್ಟಲ್ಲಿ ವಾರ್ನಿಂಗ್ ಯಾರು ಓದ್ತಾರೆ ಹೇಳು.

ಇನ್ನು ಮುಖ್ಯವಾದ ಮಾತಿಗೆ ಬರ್ತೀನಿ. ಕನ್‌ಸ್ಟ್ರಕ್ಟರ್ ಅನ್ನೋದು ಆ ಯಾರ್ಡಿನ ಗೇಟ್ ಇದ್ದಂಗೆ, ಒಳಗೆ ಬರೋದೆಲ್ಲ ಅಲ್ಲೇ ಹಾದು ಬರಬೇಕು, ಹಂಗಾಗಿ ನೋಡಿ ಬಿಡಬೇಕಾಗಿದ್ದನ್ನ ನೋಡೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ತೂಕ ಸೊನ್ನೆಗಿಂತ ಜಾಸ್ತಿ ಇರಬೇಕು, ತೇವಾಂಶ ನೂರು ದಾಟಬಾರದು, ರೈತನ ಹೆಸರು ಖಾಲಿ ಇರಬಾರದು, ಈ ರೂಲೆಲ್ಲ ಎಲ್ಲಿ ಬರೀತೀಯ? ಆ್ಯನೊಟೇಶನ್ ಹಾಕಿದ ಕನ್‌ಸ್ಟ್ರಕ್ಟರ್ ಕೊಟ್ಟಿದ್ದನ್ನ ಕೊಟ್ಟ ಹಾಗೇ ಫೀಲ್ಡಿಗೆ ಹಾಕ್ತೈತೆ, ಅಷ್ಟೇ ಅದರ ಕೆಲಸ. ನಾನ್‌ನಲ್ ಅಂತ ಹಾಕಿದ್ರೆ ನಲ್ ಒಂದನ್ನ ತಡೀತೈತೆ, ಮೈನಸ್ ಐದು ಕ್ವಿಂಟಾಲ್ ಬಂದ್ರೆ ನಮಸ್ಕಾರ ಹೇಳಿ ಒಳಗೆ ಬಿಡ್ತೈತೆ. ಕ್ಲಾಸಿಗೆ ರೂಲ್ ಐತಾ ಇಲ್ವಾ ಅಂತ ಮೊದಲು ಕೇಳ್ಕೋ. ಎಪಿಐನಿಂದ ಬಂದ ಡೇಟಾನ ಹಂಗೇ ಮುಂದೆ ದಾಟಿಸೋ ಕ್ಲಾಸಾ, ಮಷೀನೇ ಬರೀಲಿ, ಕಣ್ಣು ಮುಚ್ಚಿ ಹಾಕು. ಒಳಗೆ ಲೆಕ್ಕಾಚಾರ ನಡೆಯೋ ಕ್ಲಾಸಾ, ನೀನೇ ಬರಿ. ರೆಕಾರ್ಡಲ್ಲಿ ಎರಡೂ ಒಟ್ಟಿಗೆ ಸಿಗ್ತೈತೆ, ಅದಕ್ಕೇ ನನಗೆ ಲೊಂಬೋಕಿಗಿಂತ ಅದರ ಮೇಲೆ ಪ್ರೀತಿ ಜಾಸ್ತಿ. ರೆಕಾರ್ಡ್ ಲಾಟ್ ಅಂತ ಬರೆದು ಬ್ರಾಕೆಟ್ಟಲ್ಲಿ ಐದೂ ಹಾಕಿದ್ರೆ ಮುಗೀತು, ರೂಲ್ ಬೇಕಿದ್ರೆ ಒಳಗೆ ಕಾಂಪ್ಯಾಕ್ಟ್ ಕನ್‌ಸ್ಟ್ರಕ್ಟರ್ ಅಂತ ಬರೀಬಹುದು, ಅದಕ್ಕೆ ಪ್ಯಾರಾಮೀಟರ್ ಲಿಸ್ಟೂ ಬೇಡ, ದಿಸ್ ಡಾಟ್ ಕೂಡ ಬೇಡ, ಬರೀ ತೂಕ ಸೊನ್ನೆ ಅಥವಾ ಕಡಿಮೆ ಇದ್ರೆ ಎಕ್ಸೆಪ್ಶನ್ ಎಸಿ ಅನ್ನೋ ಲೈನು, ಫೀಲ್ಡಿಗೆ ಹಾಕೋ ಕೆಲಸ ಕೊನೇಲಿ ಅದೇ ಮಾಡ್ಕೊಳ್ತೈತೆ. ಆರ್ಡರಿನ ಅಪಾಯ ಅಲ್ಲೂ ಐತೆ, ಆದ್ರೆ ಬ್ರಾಕೆಟ್ಟಲ್ಲಿರೋದೇ ಸಿಗ್ನೇಚರ್ ಅಂತ ಕಣ್ಣಿಗೆ ಕಾಣ್ತೈತಲ್ಲ, ಆ ಹುಡುಗ ಕೈ ಹಾಕೋಕೆ ಸ್ವಲ್ಪ ಯೋಚನೆ ಮಾಡ್ತಾನೆ. ಲಿಸ್ಟ್ ಇಟ್ಕೊಂಡಿದ್ರೆ ಮಾತ್ರ ಲಿಸ್ಟ್ ಡಾಟ್ ಕಾಪಿಆಫ್ ಹಾಕೋದು ಮರೀಬೇಡ, ರೆಕಾರ್ಡ್ ಫೈನಲ್ ಅಂದ್ರೂ ಒಳಗಿರೋ ಲಿಸ್ಟಿಗೆ ಹೊರಗಿನಿಂದ ಯಾರಾದ್ರೂ ಸೇರಿಸಬಹುದು.

ಹಂಗಂತ ಎಂಟಿಟಿಗೂ, ಅಂದ್ರೆ ಡೇಟಾಬೇಸ್ ಟೇಬಲ್ಲಿಗೆ ಜೋಡಿಸಿದ ಕ್ಲಾಸಿಗೂ ರೆಕಾರ್ಡ್ ಹಾಕೋಕೆ ಹೋಗಬೇಡ, ಆಗಲ್ಲ. ಆ ಜೋಡಣೆ ಮಾಡೋ ಜೆಪಿಎಗೆ ಪ್ಯಾರಾಮೀಟರ್ ಇಲ್ಲದ ಕನ್‌ಸ್ಟ್ರಕ್ಟರ್ ಬೇಕು, ಕ್ಲಾಸು ಫೈನಲ್ ಇರಬಾರದು. ನಿಮ್ಮ ಲೀಡಿಗೆ ಕೋಪ ಬಂದಿದ್ದು ಬಹುಶಃ ಇಲ್ಲೇ. ನೀನು ಎಂಟಿಟಿ ಮೇಲೆ ಡೇಟಾ, ಬಿಲ್ಡರ್, ನೋಆರ್ಗ್ಸ್, ಆಲ್‌ಆರ್ಗ್ಸ್ ಅಂತ ನಾಲ್ಕನ್ನೂ ಮದುವೆ ಮನೆ ತೋರಣದ ಹಂಗೆ ಸಾಲಾಗಿ ಕಟ್ಟಿದ್ದೆ. ನಾಲ್ಕು ಯಾಕೆ ಅಂದ್ರೆ ನಿನಗೇ ಗೊತ್ತಿಲ್ಲ. ನಾನು ಹೇಳ್ತೀನಿ ಕೇಳು, ಬಿಲ್ಡರ್ ಹಾಕಿದ ತಕ್ಷಣ ಎಲ್ಲಾ ಪ್ಯಾರಾಮೀಟರಿನ ಕನ್‌ಸ್ಟ್ರಕ್ಟರ್ ಒಂದೇ ಉಳೀತೈತೆ, ಖಾಲಿದು ಇಲ್ಲ ಅಂತ ಜೆಪಿಎ ನಡೆಸೋ ಹೈಬರ್ನೇಟ್ ಕೂಗ್ತೈತೆ, ಅದನ್ನ ಸುಮ್ಮನಾಗಿಸೋಕೆ ನೋಆರ್ಗ್ಸ್, ಅದು ಬಂದ ಮೇಲೆ ಬಿಲ್ಡರಿಗೆ ಬೇಕಾದ ಕನ್‌ಸ್ಟ್ರಕ್ಟರ್ ಸಿಗಲ್ಲ ಅಂತ ಆಲ್‌ಆರ್ಗ್ಸ್. ಒಂದರ ಗಾಯಕ್ಕೆ ಇನ್ನೊಂದು ಪಟ್ಟಿ. ಜೊತೆಗೆ ಡೇಟಾ ಅನ್ನೋದು ಪ್ರಿಂಟ್ ಮಾಡೋಕೆ ಟುಸ್ಟ್ರಿಂಗ್, ಹುಡುಕೋಕೆ ಹ್ಯಾಶ್‌ಕೋಡ್, ಹೋಲಿಸೋಕೆ ಈಕ್ವಲ್ಸ್ ಎಲ್ಲಾ ಸೇರಿಸಿ ಹುಟ್ಟಿಸ್ತೈತೆ. ರೈತನ ಒಳಗೆ ಲಾಟುಗಳ ಲಿಸ್ಟು, ಲಾಟಿನ ಒಳಗೆ ರೈತ ಅಂತ ಇದ್ರೆ ಒಂದು ಲಾಗ್ ಲೈನಿಗೆ ಅವನು ಇವನನ್ನ, ಇವನು ಅವನನ್ನ ಪ್ರಿಂಟ್ ಮಾಡ್ತಾ ಸ್ಟ್ಯಾಕ್‌ಓವರ್‌ಫ್ಲೋ ಆಗಿ ಬೀಳ್ತೈತೆ. ಹ್ಯಾಶ್‌ಕೋಡಲ್ಲಿ ಐಡಿನೂ ಸೇರಿರ್ತೈತೆ, ಸೇವ್ ಆಗೋಕೆ ಮುಂಚೆ ಐಡಿ ಇಲ್ಲ, ಆಮೇಲೆ ಐತೆ, ಹಂಗಾಗಿ ಹ್ಯಾಶ್‌ಸೆಟ್ಟಲ್ಲಿ ಇಟ್ಟಿದ್ದ ಆಬ್ಜೆಕ್ಟ್ ಸೇವ್ ಮಾಡಿ ಹುಡುಕಿದ್ರೆ ಸಿಗಲ್ಲ. ಎಂಟಿಟಿಗೆ ಫೀಲ್ಡ್ ಓದಿ ಕೊಡೋ ಗೆಟರ್ ಆ್ಯನೊಟೇಶನ್ ಹಾಕು, ನೋಆರ್ಗ್ಸ್ ಹಾಕಿ ಅದರ ಆ್ಯಕ್ಸೆಸ್ ಪ್ರೊಟೆಕ್ಟೆಡ್ ಮಾಡು, ಹೈಬರ್ನೇಟಿಗೆ ಅಷ್ಟು ಸಾಕು, ಬೇರೆಯವರು ಖಾಲಿ ಲಾಟ್ ಹುಟ್ಟಿಸೋದು ತಪ್ಪುತ್ತೆ. ಮಿಕ್ಕ ಕನ್‌ಸ್ಟ್ರಕ್ಟರ್ ಕೈಯಲ್ಲಿ ಬರಿ.

ಸರ್ವಿಸ್ ಕ್ಲಾಸಿಗೆ, ಅಂದ್ರೆ ಕೆಲಸ ನಡೆಸೋ ಕ್ಲಾಸಿಗೆ, ತುಂಬಲೇಬೇಕಾದ ಫೀಲ್ಡಿಗಷ್ಟೇ ಕನ್‌ಸ್ಟ್ರಕ್ಟರ್ ಹುಟ್ಟಿಸೋ ರಿಕ್ವೈರ್ಡ್‌ಆರ್ಗ್ಸ್ ಹಾಕಿದ್ದಕ್ಕೆ ನನ್ನ ತಕರಾರಿಲ್ಲ. ಬೇಕಾದ ಆಬ್ಜೆಕ್ಟುಗಳನ್ನ ತಾನೇ ತಂದು ಜೋಡಿಸೋ ಸ್ಪ್ರಿಂಗ್ 4.3ರಿಂದ ಕನ್‌ಸ್ಟ್ರಕ್ಟರ್ ಒಂದೇ ಇದ್ರೆ ಆಟೊವೈರ್ಡ್ ಬರೆಯೋದೂ ಬೇಕಿಲ್ಲ, ಫೈನಲ್ ಫೀಲ್ಡ್ ಬರೆದ್ರೆ ಆಯ್ತು. ಒಂದೇ ಟೈಪಿನ ಎರಡಿದ್ರೆ ಯಾವುದು ಬೇಕು ಅಂತ ಹೇಳೋ ಕ್ವಾಲಿಫೈಯರ್ ಇರೋ ಕಡೆ ಒಂದು ಹುಷಾರು, ಫೀಲ್ಡಿನ ಮೇಲೆ ಹಾಕಿದ ಕ್ವಾಲಿಫೈಯರನ್ನ ಲೊಂಬೋಕ್ ತಾನಾಗೇ ಪ್ಯಾರಾಮೀಟರಿಗೆ ಒಯ್ಯಲ್ಲ, ಲೊಂಬೋಕ್ ಡಾಟ್ ಕಾನ್ಫಿಗ್ ಫೈಲಲ್ಲಿ ಕಾಪಿ ಮಾಡು ಅಂತ ಬರೆದು ಹೇಳಬೇಕು. ಆದ್ರೆ ನಿನ್ನ ಆ ಒಂದು ಸರ್ವಿಸಲ್ಲಿ ಹನ್ನೊಂದು ಫೈನಲ್ ಫೀಲ್ಡ್ ಇದ್ವು. ಕೈಯಲ್ಲಿ ಬರೀತಿದ್ರೆ ಏಳನೇದಕ್ಕೇ ಬೇಜಾರಾಗಿ ಈ ಕ್ಲಾಸ್ ಯಾಕೋ ಜಾಸ್ತಿ ಕೆಲಸ ಹೊತ್ಕೊಂಡೈತೆ, ಎರಡು ಮಾಡೋಣ ಅಂತ ಅನ್ನಿಸ್ತಿತ್ತು. ಆ ಬೇಜಾರು ಒಳ್ಳೇದೇ. ಆ್ಯನೊಟೇಶನ್ ಅದನ್ನ ನಿನಗೆ ತಿಳಿಯೋಕೇ ಬಿಡಲಿಲ್ಲ.

ಲೊಂಬೋಕ್ ಕಂಪೈಲರಿನ ಒಳಗೆ ಕೈ ಹಾಕಿ ಕೆಲಸ ಮಾಡೋ ಸಾಮಾನು ಅನ್ನೋದು ಗೊತ್ತಿರಲಿ, ಹಂಗಾಗಿ ಜಾವಾದ ಜೆಡಿಕೆ ಬದಲಾಯಿಸಿದಾಗೆಲ್ಲ ಅದರ ವರ್ಶನ್ ಮೊದಲು ನೋಡ್ಬೇಕು. 2024ರ ಜೆಡಿಕೆ 23ರಿಂದ ಆ್ಯನೊಟೇಶನ್ ಪ್ರೊಸೆಸಿಂಗ್ ಕೇಳದೇ ಓಡಲ್ಲ, ಬಿಲ್ಡ್ ಮಾಡೋ ಮೇವನ್‌ನಲ್ಲಿ ಪ್ರೊಸೆಸರ್ ಪಾತ್ ಬರೆದಿಲ್ಲ ಅಂದ್ರೆ ಗೆಟರೇ ಇಲ್ಲ, ಕನ್‌ಸ್ಟ್ರಕ್ಟರೇ ಇಲ್ಲ ಅಂತ ಎರರ್ ಸಾಲು ಸಾಲು ಬರ್ತಾವೆ. ಗಾಬರಿ ಬೀಳಬೇಡ.

ಪೈಥಾನ್ ಸ್ಕ್ರಿಪ್ಟ್ ಬಗ್ಗೆನೂ ಕೇಳಿದ್ದೆ. ಡೇಟಾಕ್ಲಾಸಲ್ಲಿ ದರಗಳು ಈಕ್ವಲ್ಸ್ ಖಾಲಿ ಲಿಸ್ಟ್ ಅಂತ ಬರೆದ್ರೆ ವ್ಯಾಲ್ಯೂ ಎರರ್ ಬಂದಿದ್ದು ನಿನ್ನ ಒಳ್ಳೇದಕ್ಕೇ, ಇಲ್ಲಾಂದ್ರೆ ಎಲ್ಲಾ ಲಾಟಿಗೂ ಒಂದೇ ಲಿಸ್ಟ್ ಆಗ್ತಿತ್ತು, ಡೀಫಾಲ್ಟ್ ಫ್ಯಾಕ್ಟರಿ ಹಾಕು. ಮತ್ತೆ ತೂಕ ಕೋಲನ್ ಫ್ಲೋಟ್ ಅಂತ ಬರೆದಿದ್ದು ಚೆಕ್ ಆಗ್ತೈತೆ ಅಂತ ನಂಬಿದೀಯ, ಆಗಲ್ಲ, ನಲವತ್ತು ಅಂತ ಅಕ್ಷರದಲ್ಲಿ ಕೊಟ್ರೂ ಇಟ್ಕೊಳ್ತೈತೆ. ಚೆಕ್ ಬೇಕಂದ್ರೆ ಪೋಸ್ಟ್ ಇನಿಟ್ ಮೆಥಡ್ಡಲ್ಲಿ ನೀನೇ ಬರೀಬೇಕು.

ಸೋಮವಾರ ಲೀಡ್ ಹತ್ರ ಹೋಗು, ಜಗಳಕ್ಕಲ್ಲ. ಅದಕ್ಕೆ ಮುಂಚೆ ಇಂಟೆಲಿಜೆನಲ್ಲಿ ಡಿಲೊಂಬೋಕ್ ಕೊಟ್ಟು ಆ ಎಂಟಿಟಿಗೆ ಏನೇನು ಹುಟ್ಟಿಕೊಂಡೈತೆ ಅಂತ ಒಂದು ಸಲ ಪೂರ್ತಿ ಓದು, ಓದಾದ ಮೇಲೆ ಅನ್‌ಡೂ ಮಾಡಿ ವಾಪಸ್ ತಗೋ. ಆಮೇಲೆ ಎಂಟಿಟಿಯಿಂದ ಡೇಟಾ ತೆಗೆದಿದೀನಿ ಸರ್, ಡೇಟಾ ದಾಟಿಸೋ ಡಿಟಿಒಗಳನ್ನ ರೆಕಾರ್ಡ್ ಮಾಡಿದೀನಿ, ಸರ್ವಿಸಲ್ಲಿ ರಿಕ್ವೈರ್ಡ್‌ಆರ್ಗ್ಸ್ ಉಳಿಸ್ಕೊಳ್ಲಾ ಅಂತ ಕೇಳು. ಅದಕ್ಕೂ ಬೇಡ ಅಂದ್ರೆ ಕಾರಣ ಬರೆದು ಕೊಡಿ ಅನ್ನು, ಅಷ್ಟು ಕೇಳೋ ಹಕ್ಕು ನಿನಗೈತೆ. ಅವರು ಬರೆದಿದ್ದನ್ನ ನನಗೆ ಫೋನಲ್ಲಿ ಓದಿ ಹೇಳು, ಸ್ಕ್ರೀನ್‌ಶಾಟ್ ಬೇಡ.

ಇಂತಿ ನಿನ್ನ ಅತ್ತೆ,
ವಿದ್ಯಾನಗರ, ದಾವಣಗೆರೆ